ಬೆನ್ನಿಗೆ ಒಲೆ ಕಟ್ಟಿಕೊಂಡ ಬಸ್ಸು

ಬೇಲೂರು ಹಳೇಬೀಡುಗಳನ್ನು ನೋಡಿ ಬಂದವರನ್ನು ನೀವು "ಅಲ್ಲಿ ಏನು ಕಂಡಿರಿ?" ಎಂದು ಕೇಳಿದರೆ ಮದನಿಕೆಯರ ಮಾತು ಬರುತ್ತದೆ, ಗೋಡೆಯ ಬುಡದ ಆನೆಗಳ ಸಾಲಿನ ಮಾತು ಬರುತ್ತದೆ, ನಕ್ಷತ್ರದಾಕಾರದ ಜಗಲಿಯ ಮಾತು ಬರುತ್ತದೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತು, ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಕೆಲಸ ಅದಾದ ಕೆಲವೇ ವರ್ಷಗಳಲ್ಲಿ ಆರಂಭವಾಯಿತು ಎಂದು ಇಸವಿಗಳನ್ನೂ ಹೇಳುವವರುಂಟು. ಆದರೆ "ಅಲ್ಲಿಗೆ ಹೇಗೆ ಹೋದಿರಿ?" ಎಂದು ಯಾರೂ ಕೇಳುವುದಿಲ್ಲ. ಹೋಗುವ ದಾರಿಗೂ ಒಂದು ಚರಿತ್ರೆ ಉಂಟು. ದಾರಿಯ ಮೇಲೆ ಓಡಿದ ಬಂಡಿಗೂ ಉಂಟು. ಆ ಚರಿತ್ರೆಯನ್ನು ಕಲ್ಲಿನಲ್ಲಿ ಯಾರೂ ಕೊರೆಸಲಿಲ್ಲ. ಆದುದರಿಂದ ಅದನ್ನು ನಾವು ಆಗಾಗ ಬಾಯಿಮಾತಿನಲ್ಲಾದರೂ ನೆನೆಯಬೇಕು. ಈ ದಿನ ನಿಮ್ಮ ಮುಂದಿಡುವುದು ಅಂತಹ ಒಂದು ಮರೆತ ಪ್ರಕರಣ: ಪೆಟ್ರೋಲು ಸಿಗದ ಕಾಲದಲ್ಲಿ ನಮ್ಮ ಬಸ್ಸುಗಳು ಇದ್ದಿಲಿನಿಂದ ಓಡಿದ ಕಥೆ.

ಮೊದಲು ಊರುಗಳ ಸ್ಥಿತಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅರಸೀಕೆರೆ ರೈಲಿನ ಊರು. ಬೆಂಗಳೂರಿನಿಂದ ತುಮಕೂರು, ತಿಪಟೂರುಗಳ ಮೇಲೆ ಹರಿಹರಕ್ಕೆ ಹೋಗುವ ದಾರಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಅಲ್ಲಿಗೆ ಮುಟ್ಟಿತ್ತು. ಮುಂದೆ ಮೈಸೂರಿನಿಂದ ಹಾಸನದ ಮೇಲೆ ಬಂದ ಮತ್ತೊಂದು ದಾರಿ ಅಲ್ಲಿ ಸೇರಿ ಅರಸೀಕೆರೆ ಜಂಕ್ಷನ್ ಆಯಿತು. ಬೇಲೂರು, ಹಳೇಬೀಡುಗಳಿಗೆ ಮಾತ್ರ ರೈಲಿನ ಭಾಗ್ಯವಿರಲಿಲ್ಲ. ಹಳೇಬೀಡಿಗೆ ಹೋಗುವವರು ಬಾಣಾವರದ ನಿಲ್ದಾಣದಲ್ಲಿ ಇಳಿದು ಹದಿನೆಂಟು ಮೈಲಿ ಹೋಗಬೇಕೆಂದು ಹಳೆಯ ಪ್ರವಾಸಿ ಕೈಪಿಡಿಗಳು ಹೇಳುತ್ತಿದ್ದುವು. ಅರಸೀಕೆರೆಯಲ್ಲಿ ಇಳಿದವರು ಜಾವಗಲ್ಲಿನ ಮೇಲೆ ಹಳೇಬೀಡಿಗೂ, ಅಲ್ಲಿಂದ ಇನ್ನು ಹತ್ತು ಮೈಲಿ ಬೇಲೂರಿಗೂ ಹೋಗಬಹುದಾಗಿತ್ತು. ಒಟ್ಟು ಹೆಚ್ಚುಕಡಿಮೆ ಮೂವತ್ತೈದು ಮೈಲಿಯ ದಾರಿ. ತೆಂಗಿನ ಒಣಸೀಮೆಯಲ್ಲಿ ಹೊರಟು, ಮೆಲ್ಲಮೆಲ್ಲನೆ ಏರಿ, ಕಾಫಿಯ ಅರೆಮಲೆನಾಡನ್ನು ಮುಟ್ಟುವ ದಾರಿ ಅದು.

ಈ ದಾರಿಗಳಲ್ಲಿ ಮೊದಲು ಎತ್ತಿನ ಗಾಡಿ, ಬಳಿಕ ಮೋಟಾರು. ಇಪ್ಪತ್ತನೆಯ ಶತಮಾನದ ಎರಡು ಮೂರನೆಯ ದಶಕಗಳಲ್ಲಿ ಖಾಸಗಿ ಬಸ್ಸುಗಳು ಸಂಸ್ಥಾನದ ಊರೂರನ್ನೂ ಹೆಣೆದುವು. ಅಮೆರಿಕದ ಫೋರ್ಡ್, ಷೆವರ್ಲೆ ಮೊದಲಾದ ಕಂಪೆನಿಗಳ ಚಾಸಿಯನ್ನು ತಂದು, ಮೇಲೆ ಇಲ್ಲಿನ ಬಡಗಿಗಳಿಂದ ಮರದ ಮೈ ಕಟ್ಟಿಸುವುದು ವಾಡಿಕೆ. ಬಸ್ಸು ಬಂದ ಮೇಲೆ ಸಂತೆಗೆ ಹೋಗುವುದು, ಆಸ್ಪತ್ರೆಗೆ ಹೋಗುವುದು, ಕೋರ್ಟು ಕಚೇರಿಗೆ ಹೋಗುವುದು, ಹೆಣ್ಣು ನೋಡಲು ಹೋಗುವುದು, ಜಾತ್ರೆಗೆ ಹೋಗುವುದು ಎಲ್ಲವೂ ಹೊಸ ಲೆಕ್ಕಕ್ಕೆ ಬಂದುವು. ಎರಡು ದಿನದ ಕೆಲಸ ಒಂದು ದಿನದ್ದಾಯಿತು. ಹೀಗೆ ಒಮ್ಮೆ ಅಭ್ಯಾಸವಾದ ಸೌಕರ್ಯವನ್ನು ಜನ ಬಿಟ್ಟುಕೊಡುವುದು ಕಷ್ಟ. ಆದರೆ ಬಿಟ್ಟುಕೊಡಬೇಕಾದ ಕಾಲ ಬಂದೇ ಬಂತು.

ಎರಡನೆಯ ಮಹಾಯುದ್ಧ 1939ರ ಸೆಪ್ಟೆಂಬರಿನಲ್ಲಿ ಆರಂಭವಾಯಿತಷ್ಟೆ. ಮೊದಮೊದಲು ಅದು ದೂರದ ಸುದ್ದಿ. ಪತ್ರಿಕೆಯಲ್ಲಿ ಓದುವ ಸುದ್ದಿ, ಊರಿಗೊಂದೋ ಎರಡೋ ಇದ್ದ ರೇಡಿಯೋ ಪೆಟ್ಟಿಗೆಯ ಸುತ್ತ ಕುಳಿತು ಕೇಳುವ ಸುದ್ದಿ. ಆದರೆ ಯುದ್ಧಕ್ಕೆ ಬೇಕಾದುದು ಸಿಪಾಯಿಗಳು ಮಾತ್ರವಲ್ಲ. ಟ್ಯಾಂಕಿಗೂ ಲಾರಿಗೂ ವಿಮಾನಕ್ಕೂ ಎಣ್ಣೆ ಬೇಕು. ಸಮುದ್ರದ ಮೇಲೆ ಎಣ್ಣೆ ತರುವ ಹಡಗುಗಳೂ ಅಪಾಯಕ್ಕೆ ಸಿಕ್ಕಿದುವು. 1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕೂಪನ್ ಇಲ್ಲದೆ ಪೆಟ್ರೋಲಿಲ್ಲ ಎಂದಾಯಿತು. ಮರುವರ್ಷ ಇನ್ನೂ ದೊಡ್ಡ ಪೆಟ್ಟು ಬಿತ್ತು. ನಮ್ಮ ದೇಶಕ್ಕೆ ಎಣ್ಣೆ ಬರುತ್ತಿದ್ದ ಮುಖ್ಯ ಸ್ಥಳಗಳಲ್ಲಿ ಬರ್ಮಾ ಒಂದು. 1942ರ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಯಿತು. ಏಪ್ರಿಲಿನಲ್ಲಿ ಯೆನಾಂಗ್‌ಯಾಂಗಿನ ಎಣ್ಣೆ ಬಾವಿಗಳನ್ನು ಶತ್ರುವಿಗೆ ಸಿಗಬಾರದೆಂದು ಬ್ರಿಟಿಷರೇ ನಾಶಮಾಡಿ ಹಿಂದೆಗೆದರು. ಅಸ್ಸಾಮಿನ ದಿಗ್‌ಬಾಯಿಯಲ್ಲಿ ಎಣ್ಣೆ ಇದ್ದಿತು, ನಿಜ. ಅದು ಇಷ್ಟು ದೊಡ್ಡ ದೇಶಕ್ಕೆ ಎಲ್ಲಿಗೆ ಸಾಕು?

ಐರಾವತಿಯ ದಡದ ಬಾವಿ ಉರಿದರೆ ಅರಸೀಕೆರೆಯ ಬಸ್ಸಿಗೇನಾಯಿತು ಎನ್ನುತ್ತೀರಾ? ಆದುದು ಇದೇ: ಬಸ್ಸು ನಿಲ್ಲಬೇಕು, ಇಲ್ಲವೆ ಬೇರೆ ಅನ್ನ ಉಣ್ಣಲು ಕಲಿಯಬೇಕು.

ಆ ಬೇರೆ ಅನ್ನವೇ ಇದ್ದಿಲು. ಈ ವಿದ್ಯೆಯೇನೂ ಯುದ್ಧಕಾಲದಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಕಲ್ಲಿದ್ದಲನ್ನೂ ಇದ್ದಿಲನ್ನೂ ಅರೆಬರೆ ಉರಿಸಿ ಅದರಿಂದ ಉರಿಯುವ ಗ್ಯಾಸನ್ನು ತೆಗೆಯುವುದನ್ನು ಯೂರೋಪಿನ ಕುಲುಮೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಬಲ್ಲವರಾಗಿದ್ದರು. 1876ರಲ್ಲಿ ಜರ್ಮನಿಯ ಆಟೋ ಎಂಬಾತ ನಾಲ್ಕು ಹೊಡೆತದ ಎಂಜಿನ್ನನ್ನು ಕಟ್ಟಿದಾಗ ಅದು ಓಡಿದುದು ಪೆಟ್ರೋಲಿನಿಂದಲ್ಲ, ಗ್ಯಾಸಿನಿಂದ. ಎಂಜಿನ್ನು ತಾನೇ ತನ್ನ ಉಸಿರಿನ ಬಲದಿಂದ ಕೆಂಡದ ಮೂಲಕ ಗಾಳಿಯನ್ನು ಸೆಳೆದು ಗ್ಯಾಸು ಮಾಡಿಕೊಳ್ಳುವ 'ಸಕ್ಷನ್ ಗ್ಯಾಸ್' ಯಂತ್ರಗಳು ಮುಂದೆ ಬಂದು, ಗಿರಣಿಗಳಲ್ಲಿಯೂ ನೀರೆತ್ತುವ ಪಂಪುಗಳಲ್ಲಿಯೂ ಕೆಲಸಮಾಡಿದುವು. ಮದ್ರಾಸಿನಲ್ಲಿ ಎಂಜಿನ್ ಪಂಪುಗಳ ಬಳಕೆಯನ್ನು ಪ್ರಚಾರಮಾಡಿದ ಆಲ್ಫ್ರೆಡ್ ಚಾಟರ್ಟನ್ ಎಂಬವರು 1912ರಲ್ಲಿ ಮೈಸೂರಿನ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲ ಅದು. ಎಂಜಿನ್ನು ಎಂಬುದು ನಮ್ಮ ರೈತನ ಬಾವಿಗೂ ಬರಬಹುದು ಎಂಬ ಮಾತು ಆಗಲೇ ಇಲ್ಲಿ ಕೇಳಿಬಂದಿತ್ತು.

ಗಿರಣಿಯಲ್ಲಿ ನಿಂತಿದ್ದ ಈ ಒಲೆಯನ್ನು ಗಾಲಿಯ ಮೇಲೆ ಏರಿಸುವುದಕ್ಕೆ ಇನ್ನಷ್ಟು ಜಾಣತನ ಬೇಕಾಯಿತು. ಫ್ರಾನ್ಸ್ ಜರ್ಮನಿಗಳ ಗಡಿಯ ಆಲ್ಸಾಸ್ ಪ್ರಾಂತದ ಜಾರ್ಜ್ ಇಂಬೇರ್ ಎಂಬ ರಸಾಯನಶಾಸ್ತ್ರಜ್ಞನು 1920ರ ದಶಕದಲ್ಲಿ, ಗ್ಯಾಸನ್ನು ಮೇಲಕ್ಕೆ ಬಿಡದೆ ಕೆಂಡದ ಮೂಲಕ ಕೆಳಕ್ಕೆ ಎಳೆಯುವ ಒಲೆಯೊಂದನ್ನು ರೂಪಿಸಿದ. ಇದರಿಂದ ಸೌದೆಯ ಡಾಂಬರು ಕೆಂಡದಲ್ಲಿಯೇ ಸುಟ್ಟುಹೋಗಿ ಗ್ಯಾಸು ಶುದ್ಧವಾಗುತ್ತಿತ್ತು. ಯುದ್ಧ ಬಂದಾಗ ಇಂತಹ ಒಲೆಗಳಿಗೆ ಯೂರೋಪಿನಲ್ಲೆಲ್ಲ ಬೇಡಿಕೆ ಬಂತು. ಸ್ವೀಡನ್ ದೇಶವೊಂದರಲ್ಲಿಯೇ 1942ರ ಸುಮಾರಿಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ವಾಹನಗಳು ಸೌದೆ ಇದ್ದಿಲುಗಳಿಂದ ಓಡುತ್ತಿದ್ದುವು. ಲಂಡನ್ನಿನ ಕೆಲವು ಬಸ್ಸುಗಳು ಹಿಂದೆ ಎರಡು ಗಾಲಿಯ ಗ್ಯಾಸ್ ಬಂಡಿಯನ್ನು ಎಳೆದುಕೊಂಡು ತಿರುಗಿದುವು. ನಮ್ಮಲ್ಲಿಯೂ ಮೈಸೂರು ಸಂಸ್ಥಾನದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡುವು. ಜನ ಅವನ್ನು ಇದ್ದಿಲು ಬಸ್ಸು ಎಂದರು, ಗ್ಯಾಸ್ ಬಸ್ಸು ಎಂದರು.

ಈಗ ಯಂತ್ರದ ಒಳಗನ್ನು ಸ್ವಲ್ಪ ನೋಡೋಣ. ಹೆದರಬೇಡಿ, ಇದು ಅಡಿಗೆಮನೆಯ ವಿದ್ಯೆಗಿಂತ ಕಠಿನವಲ್ಲ. ಯಾವ ಪೆಟ್ರೋಲ್ ಎಂಜಿನ್ನಿಗಾಗಲಿ ಇಂಧನದ ಏರ್ಪಾಡಿನಲ್ಲಿ ನಾಲ್ಕು ಅಂಗಗಳು: ಇಂಧನವಿಡುವ ತೊಟ್ಟಿ, ಅದನ್ನು ತರುವ ಕೊಳವೆ, ಕಸವನ್ನು ತಡೆಯುವ ಸೋಸುಬಟ್ಟೆ ಅಥವಾ ಜಾಲರಿ, ಕೊನೆಗೆ ಇಂಧನವನ್ನೂ ಗಾಳಿಯನ್ನೂ ಹದವಾಗಿ ಬೆರಸುವ ಕಾರ್ಬ್ಯುರೇಟರು. ಹವ್ಯಾಸಿಗಳು ಕೆರೆಯಲ್ಲಿ ತೇಲಿಬಿಡುವ ಪುಟ್ಟ ಪೆಟ್ರೋಲ್ ಎಂಜಿನ್ನಿನ ಮಾದರಿ ದೋಣಿಯನ್ನು ಬಿಚ್ಚಿ ನೋಡಿದರೂ ಈ ನಾಲ್ಕೇ ಕಾಣುವುವು. ನಲವತ್ತು ಜನರನ್ನು ಹೊರುವ ಬಸ್ಸಿನಲ್ಲಿಯೂ ಈ ನಾಲ್ಕೇ. ತೊಟ್ಟಿಯಲ್ಲಿ ಕಸವಿದ್ದರೆ, ಕೊಳವೆಯ ಸಂದಿನಲ್ಲಿ ಗಾಳಿ ನುಸುಳಿದರೆ, ಬೆರಕೆಯ ಹದ ತಪ್ಪಿದರೆ ದೋಣಿಯೂ ನಡುನೀರಿನಲ್ಲಿ ನಿಲ್ಲುತ್ತದೆ, ಬಸ್ಸೂ ನಡುದಾರಿಯಲ್ಲಿ ನಿಲ್ಲುತ್ತದೆ. ಇದ್ದಿಲು ಬಸ್ಸಿನವರು ಮಾಡಿದುದೇನೆಂದರೆ, ಎಂಜಿನ್ನನ್ನು ಹಾಗೆಯೇ ಇಟ್ಟುಕೊಂಡು ಈ ನಾಲ್ಕು ಅಂಗಗಳನ್ನೂ ಬದಲಾಯಿಸಿದುದು.

ತೊಟ್ಟಿಯ ಬದಲು ಒಲೆ. ಬಸ್ಸಿನ ಹಿಂಭಾಗದಲ್ಲಿಯೋ ಪಕ್ಕದಲ್ಲಿಯೋ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ. ಮೇಲೆ ಬಿಗಿಯಾದ ಮುಚ್ಚಳ, ಒಳಗೆ ಇದ್ದಿಲು, ಬುಡದಲ್ಲಿ ಕೆಂಡ, ಕೆಳಗೆ ಬೂದಿಯ ಬಾಗಿಲು. ಗಾಳಿ ಒಂದು ಸಣ್ಣ ಕಂಡಿಯಿಂದ ಮಾತ್ರ ಒಳಗೆ ಬರಬೇಕು. ಬಂದ ಗಾಳಿಯ ಆಮ್ಲಜನಕ ಮೊದಲು ಕೆಂಡವನ್ನು ಉರಿಸಿ ಇಂಗಾಲಾಮ್ಲವಾಯುವಾಗುತ್ತದೆ. ಅಲ್ಲಿ ಶಾಖ ಸಾವಿರ ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ. ಈ ವಾಯು ಮುಂದಿನ ಕೆಂಪಗೆ ಕಾದ ಇದ್ದಿಲನ್ನು ಹಾದುಹೋಗುವಾಗ ತನ್ನ ಆಮ್ಲಜನಕದಲ್ಲಿ ಅರ್ಧವನ್ನು ಅದಕ್ಕೆ ಬಿಟ್ಟುಕೊಟ್ಟು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಇದು ಉರಿಯುವ ಗ್ಯಾಸು. ಇದ್ದಿಲಿನಲ್ಲಿ ಸ್ವಲ್ಪ ತೇವವಿದ್ದರೆ, ಅಥವಾ ಗಾಳಿಯ ಜೊತೆ ಸ್ವಲ್ಪ ಉಗಿಯನ್ನು ಬಿಟ್ಟರೆ, ಅದು ಒಡೆದು ಜಲಜನಕವೂ ಸೇರುತ್ತದೆ. ಗಾಳಿಯ ಸಾರಜನಕ ಮಾತ್ರ ಏನೂ ಮಾಡದೆ ಜೊತೆಗೆ ಬರುತ್ತದೆ. ಹೀಗೆ ಹೊರಬರುವ ಗ್ಯಾಸಿನಲ್ಲಿ ಕಾಲುಭಾಗದಷ್ಟು ಕಾರ್ಬನ್ ಮೊನಾಕ್ಸೈಡು, ಸ್ವಲ್ಪ ಜಲಜನಕ, ಅರ್ಧಕ್ಕಿಂತ ಹೆಚ್ಚು ಬರಿಯ ಸಾರಜನಕ. ಕೂಲಿ ಮಾಡುವವರು ಮೂವರು, ಕೂಡಿ ಉಣ್ಣುವವರು ಏಳು ಮಂದಿ ಎನ್ನುವ ಸಂಸಾರದ ಹಾಗೆ!

ಕೊಳವೆಯ ಬದಲು ದಪ್ಪ ಕೊಳಾಯಿ. ಒಲೆಯಿಂದ ಬಂದ ಗ್ಯಾಸು ಸುಡುಸುಡುತ್ತಿರುತ್ತದೆ. ಬಿಸಿ ಗ್ಯಾಸು ಹಿಗ್ಗಿರುವುದರಿಂದ ಎಂಜಿನ್ನಿಗೆ ಒಂದು ಉಸಿರಿಗೆ ದೊರೆಯುವುದು ಕಡಿಮೆ. ಆದುದರಿಂದ ಬಸ್ಸಿನ ಮೈಯುದ್ದಕ್ಕೂ ಕೊಳಾಯಿಯನ್ನು ಹಾಯಿಸಿ ಅದನ್ನು ತಣಿಸುತ್ತಿದ್ದರು. ಜಾಲರಿಯ ಬದಲು ಶೋಧಕಗಳ ಒಂದು ಸಾಲು. ಮೊದಲು ಗ್ಯಾಸನ್ನು ಸುತ್ತಿಸಿ ದಪ್ಪ ಬೂದಿಯನ್ನು ಉದುರಿಸುವ ಪೆಟ್ಟಿಗೆ, ಬಳಿಕ ನಾರಿನದೋ ಬಟ್ಟೆಯದೋ ನೀರಿನದೋ ಶೋಧಕ. ಬೂದಿಯ ಒಂದು ಹಿಡಿ ಎಂಜಿನ್ನಿನೊಳಗೆ ಹೋದರೆ ಸಿಲಿಂಡರಿನ ಗೋಡೆಗೆ ಉಜ್ಜುಕಾಗದ ಹಾಕಿದ ಹಾಗೆ. ಸರಿಯಾಗಿ ಸುಡದ ಇದ್ದಿಲು ಸೇರಿದರೆ ಡಾಂಬರು ಬಂದು ವಾಲ್ವುಗಳು ಅಂಟಿಕೊಳ್ಳುತ್ತಿದ್ದುವು. ಆದುದರಿಂದ ಇದ್ದಿಲಿನ ಆಯ್ಕೆಯೇ ಒಂದು ವಿದ್ಯೆಯಾಯಿತು. ಇದ್ದಿಲು ಒಣಗಿರಬೇಕು, ಪೂರ್ತಿ ಸುಟ್ಟಿರಬೇಕು, ನೆಲ್ಲಿಕಾಯಿಯ ಗಾತ್ರಕ್ಕೆ ಒಡೆದಿರಬೇಕು, ಪುಡಿಯನ್ನು ಜರಡಿ ಹಿಡಿದಿರಬೇಕು. ಮಣ್ಣು ಮರಳು ಸೇರಿದ್ದರೆ ಅದು ಕೆಂಡದಲ್ಲಿ ಕರಗಿ ಕಿಟ್ಟವಾಗಿ ಗಾಳಿಯ ಕಂಡಿಯನ್ನು ಮುಚ್ಚಿಬಿಡುತ್ತಿತ್ತು. ತೆಂಗಿನ ಚಿಪ್ಪಿನ ಇದ್ದಿಲು ಗಟ್ಟಿಯಾದುದು, ಬೂದಿ ಕಡಿಮೆಯಾದುದು ಎಂದು ಈ ಕೆಲಸಕ್ಕೆ ಹೆಸರುವಾಸಿ. ತಿಪಟೂರು ಅರಸೀಕೆರೆಗಳ ಕಡೆಯ ತೆಂಗಿನ ಸೀಮೆಯಲ್ಲಿ ಒಲೆಯ ಪಕ್ಕಕ್ಕೆ ಬಿಸಾಡುವ ಚಿಪ್ಪು ಎಂಥ ವಸ್ತುವೆಂಬುದು ಇದರಿಂದ ತಿಳಿದೀತು.

ಇನ್ನು ನಾಲ್ಕನೆಯದು, ಬೆರಕೆ. ಪೆಟ್ರೋಲಿಗಾದರೆ ತೂಕದಲ್ಲಿ ಒಂದಕ್ಕೆ ಹದಿನಾಲ್ಕು ಹದಿನೈದು ಪಾಲು ಗಾಳಿ ಬೇಕು. ಇದ್ದಿಲು ಗ್ಯಾಸಿಗೆ ಹೆಚ್ಚುಕಡಿಮೆ ಸಮಸಮ ಗಾಳಿ ಸಾಕು. ಆದುದರಿಂದ ಕಾರ್ಬ್ಯುರೇಟರಿನ ಬದಲು ಒಂದು ಸಾಮಾನ್ಯ ಕವಲು ಕೊಳಾಯಿ. ಒಂದು ಕವಲಿನಿಂದ ಗ್ಯಾಸು, ಇನ್ನೊಂದರಿಂದ ಗಾಳಿ. ಗಾಳಿಯ ಬಾಗಿಲನ್ನು ಡ್ರೈವರು ಒಂದು ಸನ್ನೆಯಿಂದ ಹೆಚ್ಚುಕಡಿಮೆ ಮಾಡುತ್ತಿದ್ದ. ಒಲೆಯ ಕೆಂಡ ಗಳಿಗೆಗಳಿಗೆಗೂ ಬದಲಾಗುವುದರಿಂದ ಈ ಹದ ಒಮ್ಮೆ ಕೂರಿಸಿ ಬಿಡುವಂತಹುದಲ್ಲ, ದಾರಿಯುದ್ದಕ್ಕೂ ಕಿವಿಗೊಟ್ಟು ಕೇಳುತ್ತಿರಬೇಕು. ಗ್ಯಾಸು ಪೆಟ್ರೋಲಿಗಿಂತ ನಿಧಾನವಾಗಿ ಉರಿಯುತ್ತದೆ, ಆದುದರಿಂದ ಕಿಡಿಯನ್ನೂ ಸ್ವಲ್ಪ ಮುಂಚೆ ಕೊಡಬೇಕು. ಇಷ್ಟೆಲ್ಲ ಮಾಡಿದರೂ ಎಂಜಿನ್ನಿನ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಖೋತಾ. ಸಾರಜನಕವೆಂಬ ಸೋಮಾರಿ ನೆಂಟ ಸಿಲಿಂಡರಿನಲ್ಲಿ ಜಾಗ ಹಿಡಿದು ಕೂತಿದ್ದನಲ್ಲ!

ಬೆಳಗಿನ ಬಸ್ಸು ಹೊರಡುವ ಶಾಸ್ತ್ರ ಕೋಳಿ ಕೂಗುವ ಮೊದಲೇ ಆರಂಭವಾಗುತ್ತಿತ್ತು. ಕ್ಲೀನರು ಹಿಂದಿನ ದಿನದ ಬೂದಿಯನ್ನೂ ಕಿಟ್ಟವನ್ನೂ ತೆಗೆಯಬೇಕು. ಶೋಧಕಗಳನ್ನು ಒದರಿ ಮತ್ತೆ ಕೂರಿಸಬೇಕು. ಕೊಳಾಯಿಯ ಸಂದುಗಳು ಬಿಗಿಯಾಗಿವೆಯೇ ನೋಡಬೇಕು. ಏಕೆಂದರೆ ಎಂಜಿನ್ನು ಓಡುವಾಗ ಸಡಿಲವಾದ ಸಂದಿನಿಂದ ಗಾಳಿ ಒಳನುಗ್ಗಿ ಗ್ಯಾಸನ್ನು ಕೆಡಿಸುತ್ತದೆ, ನಿಂತಾಗ ಅದೇ ಸಂದಿನಿಂದ ಗ್ಯಾಸು ಹೊರಬರುತ್ತದೆ. ಬಳಿಕ ಇದ್ದಿಲು ತುಂಬಿ, ಎಣ್ಣೆ ಬಟ್ಟೆಯ ಪಂಜಿನಿಂದ ಬುಡಕ್ಕೆ ಬೆಂಕಿ ತಾಗಿಸಿ, ಕೈಹಿಡಿಯ ಬೀಸುಯಂತ್ರವನ್ನು ಗರಗರ ತಿರುಗಿಸಬೇಕು. ಕಮ್ಮಾರನ ತಿದಿಯ ಕೆಲಸವೇ ಇದು. ಹತ್ತು ನಿಮಿಷವೋ ಕಾಲು ಗಂಟೆಯೋ ತಿರುಗಿಸಿದ ಮೇಲೆ ಹೊರಕೊಳಾಯಿಯ ಬಾಯಿಗೆ ಬೆಂಕಿಕಡ್ಡಿ ಹಿಡಿದು ನೋಡುವುದು. ಜ್ವಾಲೆ ಹತ್ತಿ ನಿಂತು ಉರಿದರೆ ಗ್ಯಾಸು ಬಂದಿತೆಂದು ಅರ್ಥ. ಹತ್ತಿ ಆರಿಹೋದರೆ ಇನ್ನೂ ತಿರುಗಿಸು ಎಂದು ಅರ್ಥ. ಆಮೇಲೆ ಎಂಜಿನ್ನನ್ನು ಚಾಲೂ ಮಾಡುವುದು. ಕೂಪನ್ನಿನ ಪೆಟ್ರೋಲು ಸ್ವಲ್ಪವಿದ್ದರೆ ಮೊದಲು ಅದರ ಮೇಲೆ ಎಬ್ಬಿಸಿ, ಬಳಿಕ ಗ್ಯಾಸಿಗೆ ತಿರುಗಿಸುವುದೂ ಉಂಟು. ಪ್ರಯಾಣಿಕರು ಅಷ್ಟು ಹೊತ್ತೂ ಗಂಟುಮೂಟೆಗಳೊಡನೆ ಕಾದಿರುತ್ತಿದ್ದರು.

ಹೊರಟ ಬಸ್ಸು ಸಮನೆಲದಲ್ಲಿ ಹೇಗೋ ಸಾಗುತ್ತಿತ್ತು. ಏರು ಬಂದರೆ ಉಸಿರು ಕಟ್ಟುತ್ತಿತ್ತು. ಗಂಡಸರು ಇಳಿದು ನಡೆಯುವುದು, ಆಗದಿದ್ದರೆ ನೂಕುವುದು, ಇವು ಆ ಕಾಲದ ಪ್ರಯಾಣದ ಅಂಗಗಳೇ ಆಗಿದ್ದುವು. ಟಿಕೆಟು ಕೊಂಡವನೂ ನೂಕಬೇಕು! ನಡುನಡುವೆ ನಿಲ್ಲಿಸಿ ಇದ್ದಿಲು ತುಂಬಬೇಕು, ಕಿಟ್ಟ ಕೆದಕಬೇಕು. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಬೇಸಗೆಯಲ್ಲಿ ಬೆನ್ನು ಬೇಯುತ್ತಿತ್ತು. ಬಿಳಿ ಪಂಚೆಯುಟ್ಟು ಹತ್ತಿದವರು ಮಸಿ ಹತ್ತದೆ ಇಳಿಯುವುದು ಅಪರೂಪವೇ. ಇವೆಲ್ಲವೂ ಮುಂದೆ ನಗೆಯ ಮಾತಾದುವು. ಆ ಕಾಲವನ್ನು ಕಂಡ ಹಿರಿಯರು ಇದ್ದಿಲು ಬಸ್ಸಿನ ಮಾತೆತ್ತಿದರೆ ಮೊದಲು ನಗುತ್ತಿದ್ದುದೇ ಅದಕ್ಕೆ.

ಆದರೆ ನಗುವುದಕ್ಕಾಗದ ಸಂಗತಿಯೊಂದುಂಟು. ಎಂಜಿನ್ನನ್ನು ಓಡಿಸಿದ ಆ ಕಾರ್ಬನ್ ಮೊನಾಕ್ಸೈಡ್ ಘೋರವಾದ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಕೆಂಪು ವಸ್ತುವಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ತಲೆತಿರುಗು, ಮಂಪರು; ಬಯಲಿಗೆ ಎಳೆದು ಹಾಕುವವರಿಲ್ಲದಿದ್ದರೆ ಆ ಮಂಪರಿನಿಂದ ಏಳುವುದೇ ಇಲ್ಲ. ಬಸ್ಸು ಬಯಲಿನಲ್ಲಿ ಓಡುವಾಗ ಪ್ರಯಾಣಿಕರಿಗೆ ಅಪಾಯ ಕಡಿಮೆ. ಒಲೆಯ ಪಕ್ಕದಲ್ಲಿ ಬೀಸುಯಂತ್ರ ತಿರುಗಿಸುವ ಹುಡುಗನಿಗೆ, ಬಾಗಿಲು ಹಾಕಿದ ಷೆಡ್ಡಿನಲ್ಲಿ ಗ್ಯಾಸು ಎಬ್ಬಿಸುವವನಿಗೆ, ಚಳಿಯೆಂದು ಆರದ ಒಲೆಯ ಮಗ್ಗುಲಲ್ಲಿ ಮಲಗುವವನಿಗೆ ಅಪಾಯ ಹೆಚ್ಚು. ಕಾದ ಒಲೆಯ ಮುಚ್ಚಳವನ್ನು ತಟ್ಟನೆ ತೆಗೆದರೆ ಒಳಗಿನ ಗ್ಯಾಸು ಗಾಳಿ ಸೇರಿ ಭಗ್ಗನೆ ಮುಖಕ್ಕೆ ಹೊಡೆಯುವುದೂ ಉಂಟು. ಅನೇಕ ದೇಶಗಳ ವೈದ್ಯರು ಆ ಯುದ್ಧದ ವರ್ಷಗಳಲ್ಲಿ ಈ ವಿಷದ ರೋಗಿಗಳನ್ನು ಕಂಡು ಬರೆದಿದ್ದಾರೆ. ಬಸ್ಸಿನ ಹೆಸರು, ಮಾಲೀಕರ ಹೆಸರು ಜನಕ್ಕೆ ನೆನಪಿರುತ್ತದೆ; ಡ್ರೈವರಿಗೂ ಊರೂರಿನಲ್ಲಿ ಮರ್ಯಾದೆ ಉಂಟು. ಮಸಿಯ ಮುಖದ ಆ ಕ್ಲೀನರ್ ಹುಡುಗನ ಹೆಸರನ್ನು ಯಾರು ಕೇಳಿದರು? ಬಸ್ಸಿನ ಉಸಿರು ಓಡಿದುದು ಅವನ ಉಸಿರಿನ ಬೆಲೆಯಲ್ಲಿ ಎಂದರೆ ತಪ್ಪಾಗದು.

ಈ ಮಾತಿಗೆ ಇಂದಿಗೂ ಉಪಯೋಗವುಂಟು. ಚಳಿಗಾಲದಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವವರು ಈಗಲೂ ಇದ್ದಾರೆ. ಬಸ್ಸಿನ ಒಲೆಯಲ್ಲಿ ಹುಟ್ಟುತ್ತಿದ್ದ ಗ್ಯಾಸೇ ಆ ಅಗ್ಗಿಷ್ಟಿಕೆಯಲ್ಲಿಯೂ ಹುಟ್ಟುತ್ತದೆ. ಹೊಗೆಯಿಲ್ಲದಿದ್ದರೆ ಅಪಾಯವಿಲ್ಲವೆಂದು ತಿಳಿಯಬೇಡಿ. ಹೊಗೆಯಿಲ್ಲದ ಕೆಂಡವೇ ಮೋಸಮಾಡುವುದು.

ಇನ್ನೊಂದು ಬೆಲೆಯನ್ನು ಕಾಡು ತೆತ್ತಿತು. ಲೆಕ್ಕವನ್ನು ನೀವೇ ಹಾಕಿ ನೋಡಬಹುದು. ಒಂದು ಗ್ಯಾಲನ್ ಪೆಟ್ರೋಲಿನ ಕೆಲಸ ಮಾಡಲು 12ರಿಂದ 15 ಪೌಂಡು ಒಳ್ಳೆಯ ಇದ್ದಿಲು ಬೇಕು. ಬಸ್ಸು ಗ್ಯಾಲನ್ನಿಗೆ ಹತ್ತು ಮೈಲಿ ಹೋಗುವುದೆಂದು ಹಿಡಿಯಿರಿ. ಅರಸೀಕೆರೆಯಿಂದ ಬೇಲೂರಿನ ಮೂವತ್ತೈದು ಮೈಲಿಗೆ ಮೂರೂವರೆ ಗ್ಯಾಲನ್ನು, ಅಂದರೆ 50 ಪೌಂಡಿನಷ್ಟು ಇದ್ದಿಲು. ಮಣ್ಣು ಮುಚ್ಚಿ ಸುಡುವ ನಮ್ಮ ಹಳೆಯ ಗೂಡಿನಲ್ಲಿ ಒಂದು ಪೌಂಡು ಇದ್ದಿಲಿಗೆ ಐದು ಪೌಂಡು ಸೌದೆಯಾದರೂ ಬೇಕು. ಎಂದರೆ ಒಂದು ಸಲದ ಪ್ರಯಾಣಕ್ಕೆ 250 ಪೌಂಡು ಸೌದೆ, ಇಂದಿನ ಲೆಕ್ಕದಲ್ಲಿ ಒಂದು ಕ್ವಿಂಟಲಿಗೂ ಮೇಲೆ. ಹೋಗಿಬರಲು ಅದರ ಇಮ್ಮಡಿ. ಇದನ್ನು ದಿನಗಳಿಂದ ಗುಣಿಸಿ, ಬಸ್ಸುಗಳಿಂದ ಗುಣಿಸಿ. ಪೆಟ್ರೋಲು ಬರ್ಮಾದಿಂದ ಬರುತ್ತಿದ್ದಾಗ ಅದರ ಬೆಲೆ ನಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ. ಇದ್ದಿಲಿನ ಬೆಲೆ ಬೋಳಾದ ಗುಡ್ಡದಲ್ಲಿ ಎದುರಿಗೇ ಕಾಣುತ್ತಿತ್ತು.

ಇದ್ದಿಲಿನ ವಿಚಾರ ಮೈಸೂರಿಗೆ ಹೊಸದಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅರಸೀಕೆರೆಯಿಂದ ಬಾಣಾವರ, ಕಡೂರುಗಳನ್ನು ದಾಟಿದರೆ ಬೀರೂರು. ಅಲ್ಲಿಂದ ಶಿವಮೊಗ್ಗದ ಕವಲಿನಲ್ಲಿ ಭದ್ರಾವತಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದರ ಊದುಕುಲುಮೆಗೆ ಹಾಕಿದುದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು. ಸೌದೆಯನ್ನು ಬಟ್ಟಿಯಿಳಿಸಿ ಇದ್ದಿಲಿನ ಜೊತೆಗೆ ಡಾಂಬರು ಮೊದಲಾದ ಪದಾರ್ಥಗಳನ್ನೂ ಹಿಡಿಯುವ ದೊಡ್ಡ ಸ್ಥಾವರ ಅಲ್ಲಿತ್ತು. ಇನ್ನೂ ಹಿಂದಕ್ಕೆ ಹೋಗಿ. ಹಳೇಬೀಡಿನ ಬಳಪದ ಕಲ್ಲಿನಲ್ಲಿ ಮಣಿಮಣಿಯಾಗಿ ಆಭರಣ ಕೊರೆದ ರೂವಾರಿಯ ಉಳಿ ಯಾವುದು? ಇದ್ದಿಲಿನ ಕುಲುಮೆಯಲ್ಲಿ ಕರಗಿದ ಕಬ್ಬಿಣ, ಇದ್ದಿಲಿನ ಕೆಂಡದಲ್ಲಿ ಕಾಯಿಸಿ ಹದ ಕೊಟ್ಟ ಮೊನೆ. ಕಲ್ಲಿನ ಶಿಲ್ಪವನ್ನು ಮಾಡಿದುದೂ ಇದ್ದಿಲೇ, ಅದನ್ನು ನೋಡಲು ಹೋಗುವವರನ್ನು ಕೆಲವು ವರ್ಷ ಹೊತ್ತುದೂ ಇದ್ದಿಲೇ.

ಯುದ್ಧ 1945ರಲ್ಲಿ ಮುಗಿಯಿತು. ಪೆಟ್ರೋಲಿನ ಕೊರತೆ ಒಂದೇ ದಿನದಲ್ಲಿ ನೀಗಲಿಲ್ಲವಾದರೂ ಪೆಟ್ರೋಲು ಬಂದಂತೆಲ್ಲ ಒಲೆಗಳು ಬೆನ್ನಿನಿಂದ ಇಳಿದುವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭವಾಯಿತು, ಇಂದಿನ ಕೆ.ಎಸ್.ಆರ್.ಟಿ.ಸಿ.ಯ ಬೇರು ಅದೇ. ಮುಂದೆ ಡೀಸೆಲ್ ಎಂಜಿನ್ನುಗಳು ಬಂದುವು. ಇದ್ದಿಲು ಬಸ್ಸಿನ ಪೀಪಾಯಿಗಳು ಗುಜರಿಗೆ ಹೋದುವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಆ ನಾಲ್ಕೈದು ವರ್ಷಗಳ ಕಷ್ಟವನ್ನು ಜನ ಬೇಗ ಮರೆತರು.

ವಿದ್ಯೆ ಮಾತ್ರ ಪೂರ್ತಿ ಸಾಯಲಿಲ್ಲ. 1973ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ಬಿಗಿಹಿಡಿದು ಬೆಲೆ ಏರಿದಾಗ ಜಗತ್ತು ಮತ್ತೆ ಹಳೆಯ ಒಲೆಯನ್ನು ನೆನೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಹಳ್ಳಿಗಳಿಗೆ ಒಗ್ಗುವ ತಂತ್ರವಿದ್ಯೆಗೆಂದೇ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು, ಪ್ರೊ. ಎ. ಕೆ. ಎನ್. ರೆಡ್ಡಿಯವರು ಅದರ ಮುಂದಾಳು. ಸಂಸ್ಥೆಯ ವಿಜ್ಞಾನಿಗಳು ಸೌದೆಯ ಗ್ಯಾಸಿನ ಒಲೆಯನ್ನು ಹೊಸದಾಗಿ ರೂಪಿಸಿದರು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ, ಅದುವರೆಗೆ ವಿದ್ಯುತ್ತಿಲ್ಲದ ಪುಟ್ಟ ಗ್ರಾಮದಲ್ಲಿ, ಐದು ಅಶ್ವಶಕ್ತಿಯಷ್ಟು ಸಣ್ಣ ಎಂಜಿನ್ನು ಸೌದೆಯ ಗ್ಯಾಸನ್ನೂ ಸ್ವಲ್ಪ ಡೀಸೆಲನ್ನೂ ಕೂಡಿಸಿ ಓಡಿ ಮನೆಗಳಿಗೆ ದೀಪ ಕೊಟ್ಟಿತು. ಮುಂದೆ ಕುಡಿಯುವ ನೀರನ್ನೂ ಎತ್ತಿತು, ಹಿಟ್ಟಿನ ಗಿರಣಿಯನ್ನೂ ತಿರುಗಿಸಿತು. ಸೌದೆಗೆಂದು ಕಾಡಿನ ಮೇಲೆ ಬೀಳದೆ ಊರಿನ ಪಕ್ಕದಲ್ಲಿಯೇ ಗಿಡ ನೆಟ್ಟರು. ಯುದ್ಧದ ಕಾಲದಲ್ಲಿ ಅವಸರಕ್ಕೆ ಮಾಡಿದ ಕೆಲಸವನ್ನು ಶಾಂತಿಯ ಕಾಲದಲ್ಲಿ ಯೋಚಿಸಿ ಮಾಡಿದರೆ ಹೇಗಿರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಇಂದು ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸಿಗೆ ಯಾರೂ ಇಳಿದು ನೂಕಬೇಕಾಗಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೂರದೂರದ ಯಾತ್ರಿಕರು ಬರುತ್ತಾರೆ. ಗಾಜಿನ ಕಿಟಕಿಯ ಒಳಗೆ ತಣ್ಣಗೆ ಕುಳಿತು ಬರುತ್ತಾರೆ. ಅದು ಸಂತೋಷದ ಸಂಗತಿಯೇ. ಆದರೆ ನಮ್ಮ ತೊಟ್ಟಿಗೆ ಬರುವ ಎಣ್ಣೆಯಲ್ಲಿ ಹೆಚ್ಚಿನ ಪಾಲು ಇಂದಿಗೂ ಸಮುದ್ರದಾಚೆಯಿಂದಲೇ ಬರುತ್ತದೆ. ದೂರದ ದೇಶದಲ್ಲಿ ಗುಂಡು ಹಾರಿದರೆ ನಮ್ಮ ಊರಿನ ಬಂಕಿನಲ್ಲಿ ಬೆಲೆ ಏರುತ್ತದೆ. 1942ರಲ್ಲಿ ನಮ್ಮ ಹಿರಿಯರು ಕಲಿತ ಪಾಠ ಅಷ್ಟರ ಮಟ್ಟಿಗೆ ಹಳೆಯದಾಗಿಲ್ಲ.

ಮುಂದಿನ ಸಲ ನೀವು ಆ ದಾರಿಯಲ್ಲಿ ಹೋಗುವಾಗ, ಜಾವಗಲ್ಲು ದಾಟಿ ಏರು ಬಂದಲ್ಲಿ, ಎಂಜಿನ್ನಿನ ದನಿಯನ್ನು ಒಂದು ಗಳಿಗೆ ಕೇಳಿ. ಇದೇ ಏರನ್ನು ಹತ್ತಲು ಒಂದು ಕಾಲದಲ್ಲಿ ಕ್ವಿಂಟಲುಗಟ್ಟಲೆ ಸೌದೆ ಬೇಕಾಗುತ್ತಿತ್ತು, ಪ್ರಯಾಣಿಕರ ಹೆಗಲು ಬೇಕಾಗುತ್ತಿತ್ತು, ನಸುಕಿನಲ್ಲಿ ಎದ್ದು ಒಲೆಯೂದುವ ಒಬ್ಬ ಹುಡುಗ ಬೇಕಾಗುತ್ತಿದ್ದ. ಗುಡಿಯ ಗೋಡೆಯಲ್ಲಿ ಕೆಲವು ರೂವಾರಿಗಳ ಹೆಸರಾದರೂ ಉಳಿದಿದೆ. ಆ ಹುಡುಗನ ಹೆಸರು ಎಲ್ಲಿಯೂ ಇಲ್ಲ. ಅವನ ಕೆಲಸವನ್ನಾದರೂ ನೆನೆಯುವುದು ನಮ್ಮಿಂದ ಆಗಬೇಕಾದುದು.